ಭಾವಮೈದನ ಹೆಸರು

ಆಗಸ್ಟ್ 4, ಬೆಳಿಗ್ಗೆ

ವಿಮಾನದ ಎಂಜಿನ್ ಹೊತ್ತಿಸುವ ಪವರ್ ಗಾಡಿ ಇವತ್ತೂ ಕೆಮ್ಮಲಿಲ್ಲ. ವೈರು ತಿಕ್ಕಿದೆ, ಗ್ರೀಸ್ ಹಚ್ಚಿದೆ, ಬೈದೆ. ಎಂಜಿನ್ ಚೆನ್ನಾಗಿಯೇ ಇದೆ. ಸತ್ತಿರುವುದು ಅದರೊಳಗಿನ, ಕರೆಂಟ್ ತುಂಬಿಡುವ ಕಪ್ಪು ಪೆಟ್ಟಿಗೆ. ಹೆಸರು ಬರೆಯುವಂತಿಲ್ಲ. ನನ್ನ ಹೆಂಡತಿ ಮಿರಿಯಾಮಿಯ ತಮ್ಮನ ಹೆಸರೂ ಅದೇ — ಪಾದ್ರಿಗಳ ಮಿಷನ್ನಿಗೆ ಮೊದಲ ಪೆಟ್ಟಿಗೆ ಬಂದ ದಿನ ಹುಟ್ಟಿದ, ಅತ್ತೆ ಅದನ್ನೇ ಇಟ್ಟುಬಿಟ್ಟರು. ಹೆಂಡತಿ ಬಸುರಿಯಾಗಿದ್ದಾಗ ಭಾವಮೈದನ ಹೆಸರೆತ್ತಿದರೆ, ಆ ಹೆಸರಿನ ವಸ್ತುವನ್ನು ಬಾಯಲ್ಲಿ ಬಿಡಿಸಿ ಹೇಳಿದರೂ, ಕೂಸಿಗೆ ಕೇಡು. ಅವಳು ಹೆರಿಗೆಗೆಂದು ಕರಾವಳಿಯ ಆಸ್ಪತ್ರೆಯಲ್ಲಿದ್ದಾಳೆ.

ರೇಡಿಯೊದಲ್ಲಿ ಹೇಳಿದೆ: ‘ನಮ್ ಭಾವಮೈದ ಸತ್ತೋದ. ಬೇಗ ಕಳ್ಸಿ.’

ಕರಾವಳಿಯ ರೇಡಿಯೊದಲ್ಲಿ ಮೊದಲು ಕೂರುತ್ತಿದ್ದ ಆಕೆಪಾನಿಗೆ ಇಷ್ಟು ಸಾಕಿತ್ತು. ನಗುತ್ತಲೇ ಪೆಟ್ಟಿಗೆ ಕಳಿಸುತ್ತಿದ್ದ. ಇವತ್ತು ಹೊಸಬ, ಜೆರೋಮ್, ಯಾವುದೋ ದ್ವೀಪದವನು. ‘ಅಯ್ಯೋ ಅಣ್ಣಾ...’ ಅಂದ. ‘ಕಳಿಸ್ತೀವಿ. ಧೈರ್ಯವಾಗಿರಿ.’

ಒಳ್ಳೆಯವನು.

ಆಗಸ್ಟ್ 6

ವಿಮಾನ ಬಂತು. ಇಳಿಯಲಿಲ್ಲ. ಸುತ್ತು ಹೊಡೆದು ಎರಡು ಮೂಟೆ ಎಸೆದು ಹೋಯಿತು. ಅಕ್ಕಿ, ಮೀನಿನ ಡಬ್ಬಿ. ತಿಥಿಯೂಟಕ್ಕೆ! ಮೇಲೊಂದು ಚೀಟಿ — ಮೃತರ ಆತ್ಮಕ್ಕೆ ಶಾಂತಿ.

ನನ್ನ ಜೊತೆ ಕಾವಲಿಗಿರುವ ಟಿಮುಕ್ ಅಜ್ಜ ನಕ್ಕೂ ನಕ್ಕೂ ರನ್‌ವೇ ಮೇಲೇ ಕೂತುಬಿಟ್ಟ. ‘ಮಗಾ, ಇಂಥಾ ಭಾವಮೈದ ತಿಂಗ್ಳಿಗೊಂದ್ ಸಲ ಸಾಯ್ಲಿ ಕಣೋ!’

ಅಜ್ಜನೂ ಆ ಹೆಸರು ಹೇಳುವಂತಿಲ್ಲ. ನನ್ನ ಭಾವಮೈದ ಅಜ್ಜನ ಮಗಳ ಗಂಡ; ಅಳಿಯನ ಹೆಸರನ್ನೂ ಎತ್ತಬಾರದು. ಕಣಿವೆಯವರೆಲ್ಲ ಹಂದಿಯೂಟಕ್ಕೆ ಹೊಳೆಯಾಚೆ ಹೋಗಿದ್ದಾರೆ. ಹೇಳಬಾರದ ಇಬ್ಬರನ್ನೇ ಹುಡುಕಿ ಕಾವಲಿಗೆ ಬಿಟ್ಟಿದ್ದಾರೆ.

ಆಗಸ್ಟ್ 7

ಜೆರೋಮ್ ಸಾವಿನ ಸುದ್ದಿಯನ್ನು ಆಸ್ಪತ್ರೆಗೂ ಮುಟ್ಟಿಸಿದ್ದಾನೆ. ಮಿರಿಯಾಮಿ ಮುಖಕ್ಕೆ ಸೂತಕದ ಮಣ್ಣು ಬಳಿದುಕೊಂಡು ಕೂತಿದ್ದಾಳಂತೆ. ಊಟ ಬಿಟ್ಟಿದ್ದಾಳೆ. ತುಂಬು ಬಸುರಿ.

‘ಅವ್ನು ಸತ್ತಿಲ್ಲ ಮಾರಾಯಾ!’

‘ಮತ್ಯಾರಣ್ಣಾ ಸತ್ತಿದ್ದು?’

‘ಗಾಡಿ ಒಳಗಿರೋದು.’

‘ಗಾಡಿ ಒಳಗೆ ಯಾರಿದ್ರು?’

ಗರಗರ. ಲೈನ್ ಹೋಯಿತು.

ಆಗಸ್ಟ್ 9

ತಮ್ಮ ಸತ್ತಿಲ್ಲ ಎಂದು ನರ್ಸ್ ಹೇಳಿದರೂ ಮಿರಿಯಾಮಿ ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತೀರಿ, ನನ್ನ ಗಂಡ ಬಂದು ಆಣೆ ಮಾಡಲಿ, ಆಮೇಲೆ ಉಣ್ಣುತ್ತೇನೆ ಅಂದಳಂತೆ. ತಮ್ಮ ಎಲ್ಲೋ ದೂರದ ಟೀ ತೋಟದಲ್ಲಿದ್ದಾನೆ. ನಾನೇ ಹೋಗಬೇಕು. ನಡೆದು ಹೋದರೆ, ನಾನು ಮುಟ್ಟುವಷ್ಟರಲ್ಲಿ ಕೂಸು ನಡೆಯಲು ಕಲಿತಿರುತ್ತದೆ.

ಪೈಲಟ್ ಡಿರ್ಕ್ ರೇಡಿಯೊಗೆ ಬಂದ. ‘ಬರ್ತೀನಪ್ಪಾ. ಆದ್ರೆ ಅಲ್ಲಿ ಎಣ್ಣೆ ತುಂಬಿಸ್ದೆ ವಾಪಸ್ ಬರೋಕಾಗಲ್ಲ, ತುಂಬಿಸ್ವಾಗ ಎಂಜಿನ್ ಆರಿಸ್ಬೇಕು. ಆ ಚಳೀಲಿ ಪವರ್ ಗಾಡಿ ಇಲ್ದೆ ಮತ್ತೆ ಹೊತ್ಕೊಳಲ್ಲ. ಗಾಡಿಗೇನು ಬೇಕು, ಹೆಸರು ಹೇಳು, ತರ್ತೀನಿ. ನಿನ್ನ ಒಗಟು ಸಾಕು.’

ಬಾಯಿ ತೆರೆದೆ. ಅಜ್ಜ ಅಂಗೈ ಅಡ್ಡ ಇಟ್ಟ. ಮೀನಿನ ವಾಸನೆ. ‘ಕೂಸು ಕಣೋ!’

ಡಿರ್ಕ್ ಕಾದ. ಆಮೇಲೆ ಆಫ್ ಮಾಡಿದ.

ಆಗಸ್ಟ್ 12

ನಾಲ್ಕೂ ಕಡೆ ಬೆಟ್ಟ. ನಡುವೆ ರನ್‌ವೇ, ಚಾಚಿದ ನಾಲಿಗೆಯ ಹಾಗೆ. ಬೆಳಗಾದರೆ ಗಾಡಿ ಒರೆಸುತ್ತೇನೆ. ಎಣ್ಣೆ ಪಂಪು ತಿರುಗಿಸಿ ನೋಡುತ್ತೇನೆ. ಎಲ್ಲ ಸರಿಯಿದೆ, ಒಂದನ್ನು ಬಿಟ್ಟು.

ಬೆಳಿಗ್ಗೆ ಜೆರೋಮ್‌ನ ದನಿ ಸಣ್ಣಗಾಗಿತ್ತು. ‘ಅಣ್ಣಾ, ಅತ್ತಿಗೆ ನೀರೂ ಕುಡೀತಿಲ್ಲ. ಮಧ್ಯಾಹ್ನ ಮತ್ತೆ ಬರ್ತೀನಿ ಲೈನಿಗೆ. ಏನಾದ್ರೂ ಹೇಳಿ.’

ಹೇಳಿದರೆ ಕೂಸಿಗೆ ಕೇಡು. ಹೇಳದಿದ್ದರೂ ಅದೇ ಕೂಸಿಗೆ.

ಅಜ್ಜ ಮರದ ಪಾಚಿ ಕಿತ್ತು ಎರಡೂ ಕಿವಿಗೆ ತುರುಕಿಕೊಂಡ. ‘ನಾನಂತೂ ಕೇಳ್ಲಿಲ್ಲ ಮಗಾ. ಬೆಟ್ಟಾನೂ ಕೇಳ್ಲಿಲ್ಲ’ ಎಂದು ಹೊರಗೆ ಹೋಗಿ ಬೆನ್ನು ಹಾಕಿ ಕೂತಿದ್ದಾನೆ.

ರೇಡಿಯೊ ಗರಗರ ಶುರುಮಾಡಿದೆ. ನಾಲಿಗೆ ಹೊರಳುತ್ತದೋ ಇಲ್ಲವೋ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಕೂಸೇ, ಕಿವಿ ಮುಚ್ಚಿಕೋ.

ಬ್ಯಾಟ