ಅರಿಶಿನ ಹಚ್ಚಿದ ತೆರಿಗೆ ಕಾಗದ

ಕಂಪ್ಯೂಟರಿನಲ್ಲಿ ಸಲ್ಲಿಸಿದ ತೆರಿಗೆ ವಿವರಗಳನ್ನು ಪರಿಶೀಲಿಸುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಈ ದೇಶದ ಬೊಕ್ಕಸದ ಅರ್ಧಭಾಗ ನಾನು ಕಟ್ಟಿದ ತೆರಿಗೆಯಿಂದಲೇ ತುಂಬಿದೆ. ಅಂಥವನ ಕಾಗದವನ್ನು ‘ಬಾರ್‌ಕೋಡ್ ಓದಲಾಗಲಿಲ್ಲ, ಬೇಡದ ದಾಖಲೆ ಲಗತ್ತಿಸಲಾಗಿದೆ’ ಎಂದು ತಾವು ತಿರಸ್ಕರಿಸಿದ್ದೀರಿ. ಗಡುವೂ ಮುಗಿದಿದೆ. ನನ್ನ ನಿವೃತ್ತಿ ಠೇವಣಿಯ ಬಡ್ಡಿಯಲ್ಲಿ ಬ್ಯಾಂಕಿನವರು ಮುರಿದುಕೊಂಡ ತೆರಿಗೆ ವಾಪಸು ಬರಬೇಕಿತ್ತು; ಇನ್ನು ಬರುವುದಿಲ್ಲವಂತೆ.

ಏನನ್ನೂ ಲಗತ್ತಿಸಬೇಡಿ ಎನ್ನುತ್ತದೆ ನಿಮ್ಮ ನಿಯಮ. ಅರವತ್ತು ವರ್ಷ ಬಾಳಿದವನಿಗೆ ಸರ್ಕಾರ ಹೇಳುವ ಮಾತೇ ಇದು? ಪಡಿತರ ಚೀಟಿಗೆ ಒಂದು ಹೆಸರು ಸೇರಿಸಲು ಹನ್ನೊಂದು ಜೆರಾಕ್ಸ್ ಕೊಟ್ಟವನು ನಾನು. ಬದುಕಿದ್ದೇನೆ ಎನ್ನುವುದಕ್ಕೂ ವರ್ಷಕ್ಕೊಮ್ಮೆ ಪುರಾವೆ ಕೊಡುತ್ತೇನೆ. ಒಂದು ಕಾಗದ ಕಡಿಮೆಯಾದರೆ ‘ನಾಳೈಕ್ಕಿ ವಾಂಗ’, ನಾಳೆ ಬನ್ನಿ, ಎಂದು ತಮಿಳಿನಲ್ಲಿ ಅಟ್ಟುವ ಕಚೇರಿಗಳಲ್ಲಿ ಚಪ್ಪಲಿ ಸವೆದಿದೆ. ಈಗ ಕಾಗದ ಹೆಚ್ಚಾಯಿತೆಂದು ಅಟ್ಟಿಸಿಕೊಳ್ಳಲು ಕಾಲಿನಲ್ಲಿ ಕಸುವಿಲ್ಲ.

ಹೊಸೂರಿನ ಕಂಪ್ಯೂಟರ್ ಅಂಗಡಿಯ ಯತಿರಾಜ್ ಎಲ್ಲ ಮುಗಿಸಿ ಮುದ್ರಿಸಿಕೊಟ್ಟದ್ದು ಕೆಳತುದಿಯಲ್ಲಿ ಬಾರ್‌ಕೋಡಿನ ಗೆರೆಗಳಿದ್ದ ಒಂದೇ ಹಾಳೆ. “ಸೈನ್ ಹಾಕಿ ಬೆಂಗ್ಳೂರಿಗೆ ಪೋಸ್ಟ್ ಮಾಡಿ ಮಾಮ. ಬೇರೇನೂ ಸೇರಿಸ್ಬೇಡಿ,” ಎಂದ.

“ಏನ್ಲಾ, ಬರೀ ಒಂದ್ ಹಾಳೆ ನೋಡಿ ದುಡ್ಡು ಕೊಡಕ್ಕೆ ಅವ್ರೇನು ನನ್ನ ಬೀಗ್ರಾ?” ಎಂದೆ.

ಮನೆಗೆ ಬಂದು ಬ್ಯಾಂಕಿನ ಪ್ರಮಾಣಪತ್ರ, ಪಾಸ್‌ಬುಕ್ಕಿನ ಜೆರಾಕ್ಸ್, ಹೆಡ್‌ಮಾಸ್ಟರ ಮೊಹರು ಬಿದ್ದ ಗುರುತಿನ ಚೀಟಿ, ಎಲ್ಲವನ್ನೂ ಆ ಹಾಳೆಗೆ ಸೇರಿಸಿ, ಜಾರದಿರಲೆಂದು ಮೇಲೂ ಕೆಳಗೂ ದಬ್ಬಣದಲ್ಲಿ ತೂತು ಮಾಡಿ ದಾರ ಬಿಗಿದೆ. ಕಾರ್ಖಾನೆಯ ಸ್ಟೋರಿನಲ್ಲಿ ಮೂವತ್ತು ವರ್ಷ ಬಿಲ್ಲುಗಳನ್ನು ಕಟ್ಟಿದ್ದು ಹಾಗೆಯೇ. ನನ್ನ ಹೆಂಡತಿ ಚಿಕ್ಕತಾಯಮ್ಮ ನೋಡಿದಳು. “ಒಳ್ಳೇದಕ್ಕೆ ಹೋಗೋ ಕಾಗ್ದ. ಮೂಲೆ ಬರಿದಾಗಿ ಬಿಟ್ರೆ ಆಯ್ತದಾ?” ಎಂದು ನಾಲ್ಕು ಮೂಲೆಗೂ ಅರಿಶಿನ ಹಚ್ಚಿದಳು. ನಮ್ಮ ಮನೆಯಿಂದ ಶುಭಕ್ಕೆಂದು ಹೊರಟ ಕಾಗದ ಯಾವುದೂ ಬರಿದಾಗಿ ಹೋದದ್ದಿಲ್ಲ.

ಅಂಗಡಿಯ ಇ-ಮೇಲಿಗೆ ಬಂದ ನಿಮ್ಮ ಉತ್ತರವನ್ನು ಮನೆಗೆ ತಂದ ಯತಿರಾಜ್, “ಬಾರ್‌ಕೋಡಿಗೆ ಅರಿಸ್ನ ಮೆತ್ಕೊಂಡಿರ್ಬೇಕು ಮಾಮ,” ಎಂದದ್ದು ಅವಳ ಕಿವಿಗೆ ಬಿತ್ತು. ಅಂದಿನಿಂದ ತನ್ನ ಕೈಗುಣವೇ ಸರಿಯಿಲ್ಲ ಎನ್ನುತ್ತಾಳೆ. ಕಳೆದ ವಾರ ಅವಳ ತಂಗಿ ಕನಕಮ್ಮ, ಮಗಳ ಮದುವೆ ಪತ್ರಿಕೆಗಳ ಕಟ್ಟನ್ನು ತಂದು ಮುಂದಿಟ್ಟಳು. “ಬ್ಯಾರೇರ ಕೈಲಿ ಹಚ್ಚುಸ್ಕೊ ಕನಕ,” ಎಂದು ಇವಳು ಒಳಗೆ ಹೋದಳು. ನಲವತ್ತು ವರ್ಷದಿಂದ ನಮ್ಮ ಬೀದಿಯ ಪತ್ರಿಕೆಗಳಿಗೆಲ್ಲ ಮೊದಲ ಅರಿಶಿನ ಇವಳದೇ.

ತೂತು ಮಾಡಿದವನು ನಾನು, ಯತಿರಾಜನ ಮಾತು ಮೀರಿದವನೂ ನಾನೇ ಎಂದು ಹೇಳಿ ನೋಡಿದೆ. ನಂಬಲಿಲ್ಲ. ನನ್ನ ಮಾತು ನಂಬಿ ಅವಳಿಗೆ ಅಭ್ಯಾಸವಿಲ್ಲ. ಅದು ನನ್ನದೇ ಸಂಪಾದನೆ.

ಆದ್ದರಿಂದ ಹೊಸ ಹಾಳೆಯೊಂದನ್ನು ಮತ್ತೆ ಸ್ವೀಕರಿಸಿ. ನಿಯಮ ಬಿಡದಿದ್ದರೆ ಹಣ ಇಟ್ಟುಕೊಳ್ಳಿ, ಆದರೆ ಮೊಹರೊತ್ತಿ ಒಂದು ಸಾಲು ಬರೆದು ಕಳಿಸಿ: ಕಾಗದ ಕೆಟ್ಟದ್ದು ದಬ್ಬಣದಿಂದ, ಅರಿಶಿನದಿಂದಲ್ಲ. ಸರ್ಕಾರದ ಮೊಹರನ್ನು ಅವಳು ನಂಬುತ್ತಾಳೆ. ಮದುವೆಗೆ ಹದಿನೆಂಟು ದಿನ ಉಳಿದಿದೆ. ಪತ್ರಿಕೆಗಳ ಕಟ್ಟು ನಮ್ಮ ನಡುಮನೆಯಲ್ಲೇ ಇದೆ.

ಎಷ್ಟು ಹೋಯಿತೆಂದು ಕೇಳಿದವರಿಗೆಲ್ಲ ನಲವತ್ತು ಸಾವಿರ ಎಂದಿದ್ದೇನೆ. ಹೋದದ್ದು ಸಾವಿರದ ಎಂಟುನೂರ ನಲವತ್ತು ರೂಪಾಯಿ.

ಇಂತಿ,
ಯತಿರಾಜನ ಅಂಗಡಿಯಲ್ಲಿ ಟೈಪು ಮಾಡಿಸುವಾಗ ಇದನ್ನು ಊರೆಲ್ಲ ಓದುತ್ತದೆಂದು ತಿಳಿದೇ ಬರೆದ
ಆವುಲಪ್ಪ
ಬಾಗಲೂರು, ನವೆಂಬರ್ 2009