ಯೂಕವ್ವನ ನಾಲಿಗೆ

ಆಳಂದ
ಏಪ್ರಿಲ್ ೧೯೯೬

ಚಿ. ಸೌ. ಗುರುಬಾಯಿಗೆ,

ಹಿರಿಯನಾದವನು ಆಶೀರ್ವಾದದಿಂದಲೇ ಪತ್ರ ತೊಡಗಬೇಕು. ಇದನ್ನು ನೀನು ಪೂರ್ತಿ ಓದುವವರೆಗೆ ಆ ಮಾತು ಹಾಗೇ ಇರಲಿ.

ಹೋದ ತಿಂಗಳು ಜೇವರ್ಗಿ ಬಸ್ ನಿಲ್ದಾಣದಲ್ಲಿ ನೀನೇ ಗುರುತು ಹಿಡಿದು ಮಾತಾಡಿಸಿದೆ. ಕಂಕುಳಲ್ಲಿ ಮಗಳು, ಬಾಯಲ್ಲಿ ಹನ್ನೊಂದು ವರ್ಷದ ಹಿಂದಿನ ಅದೇ ಪ್ರಶ್ನೆ: "ಡಾಕ್ಟರ್ ಕಾಕಾ, ಅದು ಮತ್ತ ಬಂದಿತ್ತೇನ್ರಿ?" "ಇಲ್ಲವ್ವ" ಎಂದು ನಾನೂ ಅದೇ ಉತ್ತರ ಕೊಟ್ಟು ಬಸ್ಸು ಹತ್ತಿದೆ.

ಕಾರ್ಖಾನೆಯ ಕೆಲಸ ಮುಗಿಸಿ ಊರಿಗೆ ಹೊರಟ ಜಪಾನಿನ ಇಂಜಿನಿಯರ್ ಆ ಬಿಳಿ ನಾಯಿಯನ್ನು ನಿಮ್ಮಪ್ಪ ದೌಲತರಾಯರಿಗೆ ಕೊಟ್ಟು ಹೋಗಿದ್ದರು. ಆ ಸಾಹೇಬರು ಅದನ್ನು ಯೂಕಿ ಎನ್ನುತ್ತಿದ್ದರು. ನೀನು ಯೂಕವ್ವ ಮಾಡಿದೆ. ಹಿಮದ ಸೀಮೆಯ ಪ್ರಾಣಿ, ನಮ್ಮ ಭೀಮಾ ದಂಡೆಯ ಬಿಸಿಲು. ದಿನವಿಡೀ ನಾಲಿಗೆ ಚಾಚಿ ಏದುತ್ತಿತ್ತು. ಅದಕ್ಕೇ ನಾಲಿಗೆಯ ಮೇಲಿನ ಕಪ್ಪು ಮಚ್ಚೆಗಳು ಎಲ್ಲರ ಕಣ್ಣಿಗೆ ಬಿದ್ದವು. ಕರಿನಾಲಿಗೆ ಮನೆಗೆ ಒಳ್ಳೆಯದಲ್ಲ ಎಂದು ನಿಮ್ಮಜ್ಜಿ ಹಟ ಹಿಡಿದರು. ನಿಮ್ಮಪ್ಪ ಮಾತ್ರ ಊರಿನ ದನದ ಡಾಕ್ಟರಾಗಿದ್ದ ನನ್ನನ್ನು ಕರೆಸಿ, "ಡಾಕ್ಟರ್ ಏನಂತಾರ, ಅದೇ ಖರೆ" ಎಂದರು.

ಅದು ಬರೀ ಬಣ್ಣ ಎಂದಿದ್ದರೆ ಸಾಕಿತ್ತು. ನಾನು ಓದು ತೋರಿಸಲು ಹೋದೆ. ನನ್ನ ಬಳಿಯಿದ್ದ ಒಂದೇ ಪುಸ್ತಕದಲ್ಲಿ ಜಪಾನಿನ ಒಂದೇ ತಳಿಯ ವಿಷಯವಿತ್ತು. ಅದಕ್ಕೆ ನಾಲಿಗೆಯಲ್ಲಿ ಮಚ್ಚೆಯಿದ್ದರೆ ದೋಷ. "ಇದು ಅಸಲಿ ಅಲ್ರಿ, ರಕ್ತ ಬೆರೆತದ" ಎಂದುಬಿಟ್ಟೆ. ನೀನು ಅದರ ಕೊರಳು ತಬ್ಬಿ, "ಇನ್ನೊಮ್ಮೆ ನೋಡ್ರಿ ಕಾಕಾ, ಹೊಕ್ಕೈದೊ ನಾಯಿ ಅಂತ ಸಾಹೇಬ್ರು ಹೇಳ್ಯಾರ" ಎಂದೆ. ನಾನು ಆಗಲೇ ಕೈ ತೊಳೆಯುತ್ತಿದ್ದೆ. ಬೆರಕೆ ನಾಯಿ ಮನೆಗೆ ಬೇಡ ಎಂದರು ನಿಮ್ಮಪ್ಪ. ಮರುದಿನ ಆಳುಮಗ ಸೈದಪ್ಪ ಅದನ್ನು ಹೊಳೆಯಾಚೆ ಬಿಟ್ಟುಬಂದ.

ಈಗ ಇನ್ನೊಂದು ಪುಸ್ತಕ ಸಿಕ್ಕಿದೆ. ಹೊಕ್ಕೈದೊ ಎಂಬುದು ಜಪಾನಿನ ಉತ್ತರದ ನಡುಗಡ್ಡೆಯಂತೆ. ಅಲ್ಲಿನ ನಾಯಿಗಳಿಗೆ ನಾಲಿಗೆಯ ಮಚ್ಚೆ ಸಹಜ, ದೋಷವೇ ಅಲ್ಲ. ಹತ್ತು ವರ್ಷದ ಹುಡುಗಿಗೆ ಗೊತ್ತಿದ್ದದ್ದು ಈ ದೊಡ್ಡ ಡಾಕ್ಟರಿಗೆ ಗೊತ್ತಿರಲಿಲ್ಲ.

ಬರೀ ಪುಸ್ತಕದ ತಪ್ಪಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ, ಗುರುಬಾಯಿ. ಅದು ಬಂದಿತ್ತು. ನಾಲ್ಕನೆಯ ದಿನ ಮಟಮಟ ಮಧ್ಯಾಹ್ನ ನನ್ನ ದವಾಖಾನೆಯ ಹೊಸ್ತಿಲಲ್ಲಿ ನಿಂತಿತ್ತು. ಮೈಯೆಲ್ಲ ಕೆಸರು, ಪಾದ ಒಡೆದು ರಕ್ತ. ನಿಮ್ಮ ವಾಡೆಗೆ ಹೋಗದೆ ನನ್ನಲ್ಲಿಗೆ ಬಂದಿತ್ತು. ಅಂದು ನಾಲಿಗೆ ನೋಡಲು ಬಾಯಿ ತೆರೆಸುವಾಗ ನಾನು ಮೆಲ್ಲಗೆ ಹಿಡಿದಿದ್ದೆನಲ್ಲ, ಅದನ್ನು ನಂಬಿತ್ತೇನೋ. ಒಳಗೆ ಕರೆದರೆ ನಿಮ್ಮಪ್ಪನಿಗೆ ಏನು ಹೇಳಲಿ ಎಂದು ಹೆದರಿದೆ. ಬಾಗಿಲು ಹಾಕಿದೆ. ಅದು ಬೊಗಳಲಿಲ್ಲ, ಬಾಗಿಲು ಕೆರೆಯಲೂ ಇಲ್ಲ, ಸುಮ್ಮನೆ ಏದುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಸದ್ದು ನಿಂತಿತು. ಸಂಜೆ ತೆರೆದಾಗ ಅಲ್ಲೇ ಮಲಗಿತ್ತು. ಹಿತ್ತಿಲ ಬೇವಿನ ಬುಡದಲ್ಲಿ ನಾನೇ ಮಣ್ಣು ಮಾಡಿದೆ. ಮರುದಿನ ನೀನು ಕೇಳಲು ಬಂದಾಗ ನನ್ನ ಉಗುರಲ್ಲಿ ಇನ್ನೂ ಆ ಮಣ್ಣಿತ್ತು.

ಆಮೇಲೆ ಮೂರು ಊರಿಗೆ ವರ್ಗವಾಯಿತು. ಎಲ್ಲಿದ್ದರೂ ಬಿಸಿಲೇರಿದಾಗ ಹೊರಗೆ ಆ ಏದುಸಿರು ಕೇಳುತ್ತದೆ. "ಯಾರೂ ಇಲ್ರಿ, ಊಟಕ್ಕ ಬರ್ರಿ" ಎನ್ನುತ್ತಾಳೆ ನನ್ನ ಹೆಂಡತಿ ಮಥುರಾಬಾಯಿ. ಆದರೂ ಎದ್ದು ಹೋಗಿ ಒಂದು ಬೋಗುಣಿ ನೀರಿಟ್ಟು ಬರುತ್ತೇನೆ. ಬಾಗಿಲು ಹಾಕುವುದಿಲ್ಲ.

ನನ್ನನ್ನು ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಆಶೀರ್ವಾದ ಮಾತ್ರ ಉಳಿದಿದೆ, ಅದೂ ನಿನ್ನ ಮಗಳಿಗೆ: ಅವಳು "ಇನ್ನೊಮ್ಮೆ ನೋಡ್ರಿ" ಎಂದು ಬೇಡಿಕೊಂಡ ದಿನ, ಎದುರಿಗಿದ್ದವರು ಇನ್ನೊಮ್ಮೆ ನೋಡಲಿ.

ಇತಿ,
ನೀನು ಕಾಕಾ ಎಂದು ನಂಬಿದ್ದ
ವಾಮನ