ಸಂತೆ ಚೌಕದ ನಲವತ್ತೆರಡನೆಯ ಸಹಿ

ಬೀಗದ ಅಂಗಡಿ, ಹಳೇ ಸಂತೆ ಚೌಕ
ಮಾರ್ಚ್ ೯, ಭಾನುವಾರ

ಪ್ರೀತಿಯ ಅಣ್ಣಾ,

ಮಂಡಿನೋವು ಹೇಗಿದೆ? ಅತ್ತಿಗೆ ಹೇಳಿದಂತೆ ದಿನಾ ನಡೆಯುತ್ತಿದ್ದೀಯೋ, ಇಲ್ಲ ಎಂದಿನ ಹಾಗೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೀಯೋ? ನಾನು ಗಟ್ಟಿಯಾಗಿದ್ದೇನೆ. ಗಂಟಲು ಮಾತ್ರ ಕಟ್ಟಿದೆ, ಕೂಗಾಡಿದ್ದಕ್ಕೆ.

ಚೌಕಕ್ಕೆ ಹೊಸ ರೂಪ ಕೊಡುತ್ತೇವೆಂದು ನಗರಸಭೆಯವರು ಕಳೆದ ತಿಂಗಳು ಒಂದು ನಕ್ಷೆ ತಂದು ಗೋಡೆಗೆ ಅಂಟಿಸಿದರು. ಕಾರಂಜಿ, ಕಲ್ಲುಬೆಂಚು, ಸಾಲುದೀಪ, ಎಲ್ಲ ಚೆಂದ. ನಮ್ಮ ನಲವತ್ತೆರಡು ಅಂಗಡಿಗಳಲ್ಲಿ ಒಂದೂ ಇರಲಿಲ್ಲ. "ಇದರಲ್ಲಿ ನಾವೆಲ್ಲಿದ್ದೀವಿ ಸಾರ್?" ಅಂದೆ. "ನಿಮಗೆ ಊರಾಚೆ ಜಾಗ ಇದೆಯಮ್ಮಾ, ಎಲ್ಲರನ್ನೂ ಕೇಳೇ ಮಾಡಿದ್ದು" ಅಂದರು ಇಂಜಿನಿಯರು. ಪಕ್ಕದಂಗಡಿಯ ದರ್ಜಿ ಮಾವ, "ಕೋಳೀನ ಕೇಳಿ ಮಸಾಲೆ ಅರೆದ್ರಾ?" ಅಂದದ್ದಕ್ಕೆ ಇಡೀ ಚೌಕ ನಕ್ಕಿತು. ನನಗೆ ನಗು ಬರಲಿಲ್ಲ. ಹಿಂದೆ ಬೆಂಕಿ ಬಿದ್ದು ಚೌಕ ಸುಟ್ಟು ಬೂದಿಯಾದ ಮರುದಿನವೇ ನಮ್ಮಜ್ಜಿ ಬಿಸಿಯಾರದ ಕಲ್ಲಿನ ಮೇಲೆ ಹಲಗೆ ಹಾಕಿ, ಕರಕಲಾದ ಬೀಗಗಳನ್ನು ಉಜ್ಜುತ್ತ ಕೂತಿದ್ದರಂತೆ. ಅವರನ್ನು ನೋಡಿ ಬುಟ್ಟಿಯವರು ಬಂದರು, ಆಮೇಲೆ ಪಾತ್ರೆಯವರು. ಚೌಕ ಮತ್ತೆ ಎದ್ದು ನಿಂತದ್ದು ಹಾಗೆ; ಆಗ ಯಾರ ಕೈಯಲ್ಲೂ ನಕ್ಷೆ ಇರಲಿಲ್ಲ.

ಮೊನ್ನೆ ಗುರುವಾರ ಕೆಡವುವ ಯಂತ್ರ ಬರುತ್ತದೆಂದು ಮೊದಲೇ ತಿಳಿಯಿತು. ಅಷ್ಟರೊಳಗೆ ಕಟ್ಟಿಕೊಂಡಿದ್ದ ಚರಂಡಿಯನ್ನು ನಾವೇ ಬಿಡಿಸಿದೆವು, ತೂತುಬಿದ್ದ ತಗಡುಗಳನ್ನು ಬದಲಾಯಿಸಿದೆವು. ಪ್ರತಿ ಅಂಗಡಿಯ ಮುಂದೆ, ಯಾವ ಮನೆಯವರು ಎಷ್ಟು ತಲೆಮಾರಿನಿಂದ ಕೂತಿದ್ದಾರೆಂದು ನಾನು ಸುಣ್ಣದಲ್ಲಿ ಬರೆದೆ. ಯಂತ್ರ ಬಂದಾಗ ನಾವೆಲ್ಲ ನಮ್ಮ ನಮ್ಮ ಅಂಗಡಿಯ ಮುಂದೆ ನಿಂತಿದ್ದೆವು, ಎಂಬತ್ತರ ದರ್ಜಿ ಮಾವನೂ ಸೇರಿ. ಇಂಜಿನಿಯರು ಒಂದೊಂದನ್ನೇ ಓದುತ್ತ ಬಂದು ನನ್ನ ಮುಂದೆ ನಿಂತರು. "ಇಷ್ಟು ಹಳೇದು ಅಂತ ಯಾರೂ ಹೇಳ್ಲೇ ಇಲ್ವಲ್ಲ?" ಅಂದರು.

"ನೀವು ಕೇಳ್ಲೇ ಇಲ್ವಲ್ಲ ಸಾರ್" ಅಂದೆ.

ಅವರು ಕೈಸನ್ನೆ ಮಾಡಿದರು; ಯಂತ್ರ ಬಂದ ದಾರಿ ಹಿಡಿಯಿತು. ಅಂಗಡಿಗಳನ್ನು ಉಳಿಸಿಕೊಂಡೇ ಚೌಕ ಸರಿಮಾಡಲು ನಗರಸಭೆ ಒಪ್ಪಿದೆ; ಆದರೆ ಬರುವ ಶುಕ್ರವಾರದೊಳಗೆ ಪರವಾನಗಿ ಇರುವ ಪ್ರತಿಯೊಬ್ಬರೂ ಇಲ್ಲೇ ಇರುತ್ತೇವೆಂಬ ಕಾಗದಕ್ಕೆ ಸಹಿ ಹಾಕಬೇಕಂತೆ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ಹಟಮಾರಿ ತಂಗಿ

ವಿ.ಸೂ.: ನಲವತ್ತೊಂದು ಸಹಿ ಆಗಿದೆ. ನಮ್ಮ ಪರವಾನಗಿ ಇನ್ನೂ ನಿನ್ನ ಹೆಸರಲ್ಲೇ ಇದೆಯಲ್ಲ. ಊರಾಚೆ ಹೋಗಲು ಒಪ್ಪಿಗೆಯೆಂದು ನೀನು ಬರೆದುಕೊಟ್ಟ ಕಾಗದವನ್ನು ಇಂಜಿನಿಯರು ನನ್ನನ್ನು ಪಕ್ಕಕ್ಕೆ ಕರೆದು ತೋರಿಸಿದರು. ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಅಣ್ಣಾ? ಬಂದು ಅದನ್ನು ವಾಪಸು ತೆಗೆದುಕೊಂಡು ಸಹಿ ಹಾಕು. ಬಾರದಿದ್ದರೂ ಶನಿವಾರ ಬೆಳಿಗ್ಗೆ ಅಂಗಡಿ ತೆರೆದಿರುತ್ತದೆ. ನನ್ನನ್ನು ಇಲ್ಲಿಂದ ಎಬ್ಬಿಸಲು ನಿನ್ನ ಕಾಗದವೊಂದು ಸಾಲದು.